ಶಾಲೆಗೆ ಹಸು, ನಾಯಿ, ಆಡು ಬಂದರೆ ಮಕ್ಕಳಿಗೆ ನಿಜವಾಗಿ ಏನಾದರೂ ಉಪಯೋಗವಿದೆಯೇ?

ಕಪ್ಪುಹಲಗೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ದೇವನಹಳ್ಳಿ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಕಳೆದ ತಿಂಗಳು ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಹಂಚುವಾಗ ‘ಈ ಹಾಲು ಎಲ್ಲಿಂದ ಬಂತು ಹೇಳಿ’ ಎಂದು ಸುಮ್ಮನೆ ಕೇಳಿದೆ. ಒಬ್ಬಳು ತಡಮಾಡದೆ ‘ಪುಡಿಯಿಂದ, ಮಿಸ್’ ಎಂದಳು. ಅವಳದು ತಪ್ಪೆನ್ನುವಂತಿಲ್ಲ; ಅಡುಗೆಯಕ್ಕ ದಿನವೂ ಅವಳ ಕಣ್ಣೆದುರೇ ಪೊಟ್ಟಣ ಕತ್ತರಿಸಿ ಬಿಸಿನೀರಿಗೆ ಪುಡಿ ಸುರಿದು ಕದಡುತ್ತಾರೆ.

ಈ ಮಾತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಬಂದಾಗ ಒಬ್ಬ ಪೋಷಕರು ತಮ್ಮ ಹಸು ಮತ್ತು ಕರುವನ್ನು ಒಂದು ದಿನ ಮೈದಾನಕ್ಕೆ ಹೊಡೆದುಕೊಂಡು ಬರುವುದಾಗಿ ಹೇಳಿದರು. ಪಕ್ಕದ ಬಡಾವಣೆಯ ಮಹಿಳೆಯೊಬ್ಬರು ತಮ್ಮಲ್ಲಿರುವ ತರಬೇತಿ ಪಡೆದ ಲ್ಯಾಬ್ರಡಾರ್ ನಾಯಿಯನ್ನು ಕರೆತರುತ್ತೇನೆ ಎಂದಿದ್ದಾರೆ. ಅಧ್ಯಕ್ಷರು ಮಾತ್ರ ‘ಪಾಠವೇ ಮುಗಿದಿಲ್ಲ, ಪ್ರಾಣಿ ಯಾಕೆ? ಯಾರಿಗಾದರೂ ಕಚ್ಚಿದರೆ ಉತ್ತರ ಕೊಡುವವರು ಯಾರು?’ ಎಂದು ಕೇಳುತ್ತಿದ್ದಾರೆ. ಅವರ ಎರಡನೆಯ ಪ್ರಶ್ನೆಗೆ ನನ್ನಲ್ಲಿಯೂ ಉತ್ತರವಿಲ್ಲ. ಇಂಥದ್ದನ್ನು ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಹೊಲದಬದು

ಮೇಡಂ, ನಾನು ಓದಿದ ಶಾಲೆಗೆ ಎಮ್ಮೆ ಯಾರ ಅನುಮತಿಯನ್ನೂ ಕೇಳದೆ ಬರುತ್ತಿತ್ತು, ಮೇಷ್ಟ್ರು ಅದನ್ನು ಓಡಿಸುವ ಕೆಲಸವನ್ನು ನನಗೇ ಒಪ್ಪಿಸುತ್ತಿದ್ದರು. ಪ್ರಾಣಿಯನ್ನು ಶಾಲೆಗೆ ತರುವುದು ಪಟ್ಟಣದವರ ಹೊಸ ಶೋಕಿ. ಮಕ್ಕಳನ್ನೇ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಸೆಗಣಿ ತುಳಿದು ಬರಲಿ.

ನಿವೃತ್ತ ಪಶುವೈದ್ಯ

ಬದು ಅವರು ತಮಾಷೆಗೆ ಹೇಳಿದರೂ ಅದರಲ್ಲಿ ಹುರುಳಿದೆ. ಮೂವತ್ತು ವರ್ಷ ಪಶುಸಂಗೋಪನಾ ಇಲಾಖೆಯಲ್ಲಿದ್ದವನಾಗಿ ಮೊದಲು ಹಸುವಿನ ವಿಷಯ ಹೇಳಿಬಿಡುತ್ತೇನೆ. ಕರು ಹಾಕಿ ಕೆಲವೇ ದಿನಗಳಾಗಿದ್ದರೆ ಎಷ್ಟೇ ಸಾಧುವಾದ ಹಸುವಾದರೂ ಹಾಯಬಹುದು. ಕರುವಿನ ಸುತ್ತ ನಲವತ್ತು ಮಕ್ಕಳು ಮುತ್ತಿದರೆ ಅದು ಹಾಯದಿದ್ದರೇ ಆಶ್ಚರ್ಯ. ಆದ್ದರಿಂದ ಕರು ಎರಡು ಮೂರು ತಿಂಗಳಿನದಾಗಿರಲಿ, ಬೆಳಗಿನ ಹಾಲು ಕರೆದ ಮೇಲೆ ಬರಲಿ, ಕಟ್ಟುವ ಜಾಗ ಮಣ್ಣಿನ ನೆಲವಾಗಿರಲಿ. ಸಿಮೆಂಟ್ ಅಂಗಳದಲ್ಲಿ ಗೊರಸು ಜಾರಿ ಬಿದ್ದು ಕಾಲು ಮುರಿದುಕೊಂಡ ಹಸುಗಳನ್ನು ನಾನು ನೋಡಿದ್ದೇನೆ. ಹಗ್ಗ ಹಿಡಿಯುವುದಕ್ಕೆ ಅದು ದಿನವೂ ನೋಡುವ ಮನುಷ್ಯನೇ ಬೇಕು, ಮಕ್ಕಳು ಒಮ್ಮೆಗೆ ಎಂಟು ಹತ್ತು ಜನರಿಗಿಂತ ಹೆಚ್ಚಿರಬಾರದು, ಮತ್ತು ಹಿಂಗಾಲಿನ ಹಿಂದೆ ಯಾರೂ ನಿಲ್ಲಬಾರದು.

ಇನ್ನು ರೋಗ. ಕರುವಿನ ಮುಖದಲ್ಲಿ ಕೂದಲು ಉದುರಿ ಬೂದು ಬಣ್ಣದ ಬಿಲ್ಲೆಗಳಿದ್ದರೆ ಅದು ಗಜಕರ್ಣವಾಗಿರಬಹುದು, ಮಕ್ಕಳಿಗೆ ಸುಲಭವಾಗಿ ಹರಡುತ್ತದೆ. ಹಾಲು ಕರೆಯುವುದನ್ನು ತೋರಿಸಿ, ಆದರೆ ಅಭಿಮಾನದಿಂದ ಯಾರಾದರೂ ಮಕ್ಕಳ ಬಾಯಿಗೆ ಹಸಿ ಹಾಲು ಹಿಂಡಲು ಬಂದರೆ ತಡೆಯಿರಿ. ಜ್ವರ ತರುವ ಬ್ರೂಸೆಲ್ಲಾ ಎಂಬ ರೋಗಾಣು ಹಸಿ ಹಾಲಿನಿಂದಲೂ ಹರಡುತ್ತದೆ. ಮುಟ್ಟಿದ ಪ್ರತಿಯೊಂದು ಮಗುವೂ ಸೋಪು ಹಚ್ಚಿ ಕೈ ತೊಳೆದ ಮೇಲೆಯೇ ತಟ್ಟೆ ಹಿಡಿಯಬೇಕು.

ಹೊಲದಬದು

ಡಾಕ್ಟರೇ, ಇಷ್ಟು ಷರತ್ತು ನಮ್ಮ ಮದುವೆ ಮಾತುಕತೆಯಲ್ಲೂ ಇರಲಿಲ್ಲ.

ಮಾತುಗೂಡು

ನಾನು ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಕಿ. ಎಲ್ಲರೂ ಅಪಾಯದ ಕಡೆಯೇ ಎಳೆಯುತ್ತಿದ್ದೀರಿ, ಆದ್ದರಿಂದ ಉಪಯೋಗದ ಬಗ್ಗೆ ಸ್ವಲ್ಪ ಹೇಳುತ್ತೇನೆ. ನ್ಯೂಯಾರ್ಕ್‌ನ ಮಕ್ಕಳ ಮನೋವಿಜ್ಞಾನಿ ಬೋರಿಸ್ ಲೆವಿನ್ಸನ್ 1962ರಲ್ಲಿಯೇ ಇದರ ಬಗ್ಗೆ ಬರೆದರು. ಯಾರೊಡನೆಯೂ ಮಾತನಾಡದ ಒಂದು ಮಗು ಅವರ ಕೋಣೆಯಲ್ಲಿದ್ದ ಜಿಂಗಲ್ಸ್ ಎಂಬ ನಾಯಿಯ ಜೊತೆ ಆಡತೊಡಗಿ, ಆ ನಾಯಿಯ ಮೂಲಕವೇ ನಿಧಾನವಾಗಿ ಅವರೊಡನೆ ಬೆರೆತದ್ದು ಅವರ ಗಮನಕ್ಕೆ ಬಂತು. 1983ರಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು ಮಕ್ಕಳಿಂದ ಗಟ್ಟಿಯಾಗಿ ಓದಿಸಿ ರಕ್ತದೊತ್ತಡ ಅಳೆದಾಗ, ಕೋಣೆಯಲ್ಲಿ ನಾಯಿ ಇದ್ದಾಗ ಒತ್ತಡ ಕಡಿಮೆಯಿತ್ತು. 2013ರಲ್ಲಿ ಆಸ್ಟ್ರೇಲಿಯಾದ ಶಾಲೆಗಳಲ್ಲಿ ಮಾರ್ಗರೀಟ್ ಓಹೇರ್ ಅವರ ತಂಡ, ಆಟಿಸಂ ಇರುವ ಒಂದು ಮಗು ಮತ್ತು ಇಬ್ಬರು ಸಹಪಾಠಿಗಳನ್ನು ಒಮ್ಮೆ ಆಟಿಕೆಗಳ ಜೊತೆಗೂ ಇನ್ನೊಮ್ಮೆ ಎರಡು ಗಿನಿಯಿಲಿಗಳ ಜೊತೆಗೂ ಕೂರಿಸಿ ನೋಡಿತು. ಗಿನಿಯಿಲಿಗಳಿದ್ದಾಗ ಆ ಮಗು ಹೆಚ್ಚು ಮಾತನಾಡಿತು, ಜೊತೆಯವರ ಮುಖವನ್ನು ಹೆಚ್ಚು ನೋಡಿತು, ಹೆಚ್ಚು ನಕ್ಕಿತು.

ನನ್ನ ತರಗತಿಯಲ್ಲಿ ಗಿನಿಯಿಲಿಯೂ ಇಲ್ಲ, ನಾಯಿಯೂ ಇಲ್ಲ. ಕಿಟಕಿಯ ಸರಳಿಗೆ ದಿನವೂ ಬರುವ ಒಂದು ಅಳಿಲು ಇದೆ. ‘ಬಂತು’ ಎಂಬ ಪದವನ್ನು ಒಬ್ಬ ಹುಡುಗ ಮೊದಲ ಸಲ ಸ್ಪಷ್ಟವಾಗಿ ಹೇಳಿದ್ದು ಅದನ್ನು ನೋಡಿ.

ಸಂಶಯಜೀವಿ

ಅಳಿಲಿನ ವಿಷಯ ಓದಿ ಸಂತೋಷವಾಯಿತು, ಆದರೆ ಮಾತುಗೂಡು ಅವರೇ, ನೀವು ಹೇಳಿದ ಉದಾಹರಣೆಗಳು ಕಪ್ಪುಹಲಗೆ ಮೇಡಂ ಕೇಳಿದ ಪ್ರಶ್ನೆಗೆ ನೇರವಾಗಿ ಒಪ್ಪುವುದಿಲ್ಲ. ಲೆವಿನ್ಸನ್ ಅವರದು ಒಂದು ಮಗು, ಒಂದು ನಾಯಿ, ಮತ್ತೆ ಮತ್ತೆ ನಡೆದ ಭೇಟಿ. ಗಿನಿಯಿಲಿಗಳ ಜೊತೆ ಕೂತವರು ಮೂವರೇ ಮಕ್ಕಳು. ನಮ್ಮಲ್ಲಿ ಆಗುವುದೇನೆಂದರೆ ಇಡೀ ಶಾಲೆ ಸಾಲಾಗಿ ನಿಂತು, ಪ್ರತಿಯೊಬ್ಬರೂ ಎರಡು ಸೆಕೆಂಡು ಬೆನ್ನು ಸವರಿ, ಮುಂದೆ ನಡೆಯಿರಿ ಎನ್ನಿಸಿಕೊಳ್ಳುವುದು. ಅದರಿಂದ ರಕ್ತದೊತ್ತಡ ಇಳಿಯುತ್ತದೋ ಇಲ್ಲವೋ, ನಾಯಿಯದಂತೂ ಏರುತ್ತದೆ.

ಸಾಗರದಾಚೆ

ನಾನು ಅಮೆರಿಕದ ಯೂಟಾದಲ್ಲಿದ್ದೇನೆ. ನಾಯಿಗೆ ಓದಿ ಹೇಳುವ ಕಾರ್ಯಕ್ರಮ ಇಲ್ಲಿಯ ಸಾಲ್ಟ್ ಲೇಕ್ ಸಿಟಿಯಲ್ಲಿಯೇ 1999ರಲ್ಲಿ ಆರಂಭವಾಯಿತು. ಗ್ರಂಥಾಲಯದ ಮೂಲೆಯಲ್ಲಿ ಚಾಪೆ ಹಾಸಿರುತ್ತಾರೆ, ನಾಯಿ ಮಲಗಿರುತ್ತದೆ, ಓದಲು ತಡವರಿಸುವ ಮಗು ಅದರ ಪಕ್ಕ ಕೂತು ಪುಸ್ತಕ ಓದುತ್ತದೆ. ಒಮ್ಮೆಗೆ ಒಂದೇ ಮಗು. ನನ್ನ ಮಗಳು ಕೆಲವು ತಿಂಗಳು ಹೋದಳು. ಅದರ ಪರಿಣಾಮವನ್ನು ಕಂಡದ್ದು ನಮ್ಮ ಮನೆಯಲ್ಲಿ: ವಾರಾಂತ್ಯದ ಕನ್ನಡ ತರಗತಿಯ ಪಾಠವನ್ನು ನನ್ನೆದುರು ಓದಲು ಒಪ್ಪದವಳು ಅದನ್ನು ಪಕ್ಕದ ಮನೆಯ ಮುದಿ ನಾಯಿಗೆ ಓದಿ ಹೇಳುತ್ತಿದ್ದಳು. ಯಾಕೆ ಎಂದು ಕೇಳಿದರೆ, ‘ಅದು ಅಲ್ಪಪ್ರಾಣ ಮಹಾಪ್ರಾಣ ಅಂತ ತಪ್ಪು ಹಿಡಿಯುವುದಿಲ್ಲ’ ಎಂದಳು. ಆ ಮಾತು ನನಗೇ ತಗುಲಿತು.

ಹೊಲದಬದು

ನಿಮ್ಮ ಮಗಳು ಹೇಳಿದ್ದು ಸರಿ. ನಮ್ಮ ಎಮ್ಮೆಯೂ ಹಕಾರ ಅಕಾರ ನೋಡುತ್ತಿರಲಿಲ್ಲ.

ಎರಡುಮಕ್ಕಳತಾಯಿ

ಕ್ಷಮಿಸಿ, ನನಗೆ ಇಲ್ಲಿ ನಗು ಬರುತ್ತಿಲ್ಲ. ನನ್ನ ಮಗನಿಗೆ ಒಂದನೇ ತರಗತಿಯಲ್ಲಿದ್ದಾಗ ಶಾಲೆಯ ಗೇಟಿನ ಬಳಿಯೇ ಬೀದಿನಾಯಿ ಕಚ್ಚಿತು. ಅಂಗಡಿಯವರು ಅರಿಶಿನ ಹಚ್ಚಲು ಬಂದರು, ಇನ್ನೊಬ್ಬರು ಕಾರದ ಪುಡಿ ಎಂದರು. ಪುಣ್ಯಕ್ಕೆ ನರ್ಸ್ ಆಗಿರುವ ನನ್ನ ತಂಗಿ ಫೋನಿನಲ್ಲಿ ಕೂಗಿ, ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ, ಬೇರೇನೂ ಹಚ್ಚಬೇಡಿ ಎಂದಳು. ಆಮೇಲೆ ಆಸ್ಪತ್ರೆಗೆ ನಾಲ್ಕು ಸಲ ಅಲೆದಾಟ, ಲಸಿಕೆ, ಗಾಯದ ಸುತ್ತ ಚುಚ್ಚುವ ಇಮ್ಯುನೋಗ್ಲಾಬ್ಯುಲಿನ್. ಇಂದಿಗೂ ಅವನು ನಾಯಿ ಕಂಡರೆ ರಸ್ತೆ ದಾಟುತ್ತಾನೆ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವು ಮಾಡಿ ಎಂದು ಆದೇಶಿಸಿದೆ. ನಾಯಿಯನ್ನು ಶಾಲೆಯಿಂದ ಹೊರಗೆ ಹಾಕಿ ಎಂದು ನ್ಯಾಯಾಲಯವೇ ಹೇಳಿರುವಾಗ ನೀವು ಆಮಂತ್ರಣ ಕೊಟ್ಟು ಒಳಗೆ ಕರೆಯುತ್ತಿದ್ದೀರಿ.

ನಿವೃತ್ತ ಪಶುವೈದ್ಯ

ತಾಯಿಯವರೇ, ನಿಮ್ಮ ತಂಗಿ ಹೇಳಿದ್ದು ಅಕ್ಷರಶಃ ಸರಿ, ಆ ಹದಿನೈದು ನಿಮಿಷದ ತೊಳೆತ ಎಷ್ಟೋ ಜೀವ ಉಳಿಸುತ್ತದೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂಬಷ್ಟು ಅಪರೂಪ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಹಳೆಯ ಹೆದರಿಕೆಯಿಂದ ಇಂದಿಗೂ ಮಕ್ಕಳು ಕಚ್ಚಿದ್ದನ್ನು ಮನೆಯಲ್ಲಿ ಮುಚ್ಚಿಡುತ್ತಾರೆ. ಈಗ ಚುಚ್ಚುವುದು ತೋಳಿಗೆ ಎಂದು ಅವರಿಗೆ ಹೇಳಬೇಕು.

ಆದರೆ ನ್ಯಾಯಾಲಯದ ಆದೇಶ ಬೀದಿನಾಯಿಗಳ ಕುರಿತದ್ದು. ಲಸಿಕೆ ಹಾಕಿಸಿಕೊಂಡು, ಒಡತಿಯ ಕೈಯ ಹಗ್ಗದಲ್ಲಿ ಬರುವ ನಾಯಿಯದು ಬೇರೆ ವಿಷಯ. ಇನ್ನೂ ಒಂದು ಮಾತಿದೆ. ಶಾಲೆಯ ಒಳಗೆ ನಾಯಿ ಇರಲಿ ಬಿಡಲಿ, ಗೇಟಿನ ಹೊರಗೆ ಅದು ಇದ್ದೇ ಇರುತ್ತದೆ. ನಾಯಿ ನಿದ್ದೆ ಬರದಿದ್ದರೂ ಆಕಳಿಸುತ್ತಿದೆ, ಮೇಲಿಂದ ಮೇಲೆ ತುಟಿ ನೆಕ್ಕುತ್ತಿದೆ, ಮುಖ ತಿರುಗಿಸಿ ಕಣ್ಣಿನ ಬಿಳಿಯಲ್ಲಿ ನಿಮ್ಮನ್ನು ನೋಡುತ್ತಿದೆ ಎಂದರೆ ‘ಸಾಕು, ದೂರ ಹೋಗು’ ಎಂದು ಅರ್ಥ. ತಿನ್ನುವಾಗ, ಮರಿಗಳ ಜೊತೆ ಇರುವಾಗ ಮುಟ್ಟಬಾರದು, ಅಟ್ಟಿಸಿಕೊಂಡು ಬಂದರೆ ಓಡದೆ ಕಂಬದಂತೆ ನಿಲ್ಲಬೇಕು. ಇದನ್ನು ಚಿತ್ರಪಟದಲ್ಲಿ ಹತ್ತು ಸಲ ತೋರಿಸುವುದಕ್ಕಿಂತ, ಒಂದು ಶಾಂತವಾದ ನಾಯಿ ಎದುರಿಗಿದ್ದಾಗ ಒಮ್ಮೆ ತೋರಿಸಿದರೆ ಮಕ್ಕಳ ತಲೆಗೆ ಹೋಗುತ್ತದೆ.

ಎರಡುಮಕ್ಕಳತಾಯಿ

ತುಟಿ ನೆಕ್ಕುವುದಕ್ಕೆ ಅರ್ಥವಿದೆ ಎಂದು ನನಗೆ ಗೊತ್ತಿರಲಿಲ್ಲ. ಆದರೂ ಹೆದರುವ ಮಗುವನ್ನು ‘ಮುಟ್ಟು, ಏನೂ ಆಗುವುದಿಲ್ಲ’ ಎಂದು ಬಲವಂತ ಮಾಡಬಾರದು ಎಂದು ಮೊದಲೇ ಬರೆದುಕೊಳ್ಳಿ. ನೋಡುತ್ತಾ ನಿಲ್ಲುವುದಕ್ಕೂ ಒಂದು ಗೆರೆ ಎಳೆದಿರಲಿ.

ನೆರಳುಮರ

ಇದಕ್ಕೆ ಸೇರಿಸುತ್ತೇನೆ. ಕೆಲವು ಮಕ್ಕಳಿಗೆ ನಾಯಿಯ ಕೂದಲಿನ ಅಲರ್ಜಿ ಇರುತ್ತದೆ, ನಮ್ಮಂಥ ಕೆಲವು ಮನೆಗಳಲ್ಲಿ ನಾಯಿಯ ಜೊಲ್ಲು ತಾಗಿದರೆ ನಮಾಜಿಗೆ ಮೊದಲು ತೊಳೆದುಕೊಳ್ಳಬೇಕು. ಮನೆಗೆ ಒಂದು ಚೀಟಿ ಕಳುಹಿಸಿ ಒಪ್ಪಿಗೆ ಪಡೆದರೆ ಯಾರಿಗೂ ಬೇಸರವಿಲ್ಲ. ನನ್ನ ಮಗನಂತೂ ಆಡಿನ ಮರಿ ಎಂದರೆ ಊಟ ಬಿಡುತ್ತಾನೆ.

ಬಣ್ಣದಗಿಳಿ

ಇಷ್ಟೆಲ್ಲಾ ತಲೆಬಿಸಿ ಬೇಡ. ಒಂದು ಗಿಳಿ, ಒಂದು ನಕ್ಷತ್ರ ಆಮೆ ಪಂಜರದಲ್ಲಿಟ್ಟು ತನ್ನಿ, ಕಚ್ಚುವುದೂ ಇಲ್ಲ, ಹಾಯುವುದೂ ಇಲ್ಲ. ನಾವು ಚಿಕ್ಕವರಿದ್ದಾಗ ಹಾವಾಡಿಗರು ಶಾಲೆಗೇ ಬಂದು ನಾಗರಹಾವು ಆಡಿಸುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ.

ಕರಿಕೋಟು

ಆಗಿದ್ದರೆ ಹಾವಿಗೆ ಆಗುತ್ತಿತ್ತು. ಹಲ್ಲು ಕಿತ್ತ, ಕೆಲವೊಮ್ಮೆ ಬಾಯಿಯನ್ನೇ ಹೊಲಿದ ಹಾವುಗಳವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನೀವು ಹೇಳಿದ ಮೂರೂ ರಕ್ಷಿತ ಪ್ರಾಣಿಗಳು. ನಮ್ಮ ಊರಿನ ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವುದೇ ಅಪರಾಧ, ನಕ್ಷತ್ರ ಆಮೆಯೂ ಅಷ್ಟೆ. ಮುಖ್ಯೋಪಾಧ್ಯಾಯರ ಹೆಸರಿಗೆ ಮೊಕದ್ದಮೆ ತರಬೇಡಿ.

ಹಾವಿನ ವಿಷಯ ಶಾಲೆಯಲ್ಲಿ ಖಂಡಿತ ಹೇಳಲೇಬೇಕು. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿದೆ, ಆಸ್ಪತ್ರೆಗಳು ಪ್ರಕರಣಗಳನ್ನು ವರದಿ ಮಾಡಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಇವನ್ನು ಗುರುತಿಸಲು ಒಳ್ಳೆಯ ಚಿತ್ರಗಳು ಸಾಕು, ಜೀವಂತ ಹಾವು ಬೇಡ.

ಮೊಟ್ಟೆಪೆಟ್ಟಿಗೆ

ನಮ್ಮಲ್ಲಿ ನಡೆದದ್ದನ್ನು ಹೇಳುತ್ತೇನೆ, ಶಾಲೆಯ ಹೆಸರು ಬೇಡ. ಖಾಸಗಿ ಶಾಲೆಯೊಂದರಲ್ಲಿ ಕೋಳಿಮೊಟ್ಟೆಗಳನ್ನು ಶಾಖಪೆಟ್ಟಿಗೆಯಲ್ಲಿಟ್ಟು ಮರಿ ಮಾಡಿಸಿದೆವು. ಇಪ್ಪತ್ತೊಂದು ದಿನ ಮಕ್ಕಳು ಕ್ಯಾಲೆಂಡರ್ ಮೇಲೆ ಗೀಟು ಹಾಕಿದರು, ಕೊನೆಯ ದಿನ ಮೊಟ್ಟೆಯೊಳಗಿನಿಂದ ಚೀಂವ್ ಎಂದಾಗ ಇಡೀ ತರಗತಿ ಉಸಿರು ಬಿಗಿಹಿಡಿದು ನಿಂತಿತ್ತು. ಅಲ್ಲಿಯವರೆಗೆ ನನ್ನ ಜೀವನದ ಅತ್ಯುತ್ತಮ ಪಾಠ ಅದು. ಇಪ್ಪತ್ತೆರಡನೇ ದಿನಕ್ಕೆ ನಾವು ಯಾರೂ ಯೋಚನೆ ಮಾಡಿರಲಿಲ್ಲ. ಆಡಳಿತದವರು ಮರಿಗಳನ್ನು ಕಾಗದದ ಚೀಲದಲ್ಲಿ ಹಾಕಿ ಬಯಸಿದ ಮಕ್ಕಳಿಗೆ ಕೊಟ್ಟು ಕಳುಹಿಸಿದರು. ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಬಲ್ಬಿನ ಕಾವೂ ಇಲ್ಲದೆ ಅವು ಎಷ್ಟು ದಿನ ಬದುಕಿಯಾವು? ಸೋಮವಾರ ಒಂದು ಹುಡುಗಿ ಬೆಂಕಿಪೊಟ್ಟಣದ ದೊಡ್ಡ ಡಬ್ಬಿಯಲ್ಲಿ ತನ್ನ ಮರಿಯನ್ನು ತಂದು, ‘ಇದನ್ನು ಮತ್ತೆ ಪೆಟ್ಟಿಗೆಯಲ್ಲಿಡಿ ಮಿಸ್, ಸರಿಹೋಗುತ್ತದೆ’ ಎಂದಳು.

ಸಂಶಯಜೀವಿ

ಇದಕ್ಕೆ ನನ್ನಲ್ಲಿ ವಾದವಿಲ್ಲ.

ಚಂದ್ರಿಕೆ

ನಾನು ಶಿಡ್ಲಘಟ್ಟ ತಾಲ್ಲೂಕಿನ ಶಿಕ್ಷಕಿ. ಹಸು, ನಾಯಿ ಎಂದು ಜಗಳವಾಡುತ್ತಿರುವ ನೀವೆಲ್ಲರೂ ನಮ್ಮ ಕಡೆಯ ಅತಿಥಿಯನ್ನು ಮರೆತಿದ್ದೀರಿ. ನಾನು ಮೂರು ವರ್ಷದಿಂದ ತರಗತಿಯಲ್ಲಿ ರೇಷ್ಮೆಹುಳು ಸಾಕುತ್ತಿದ್ದೇನೆ. ಚಾಕಿ, ಅಂದರೆ ಮೊದಲ ಎಳೆಯ ಹಂತ, ಮುಗಿದ ಐವತ್ತು ಹುಳುಗಳನ್ನು ಪೋಷಕರೊಬ್ಬರು ಒಂದು ಮೊರದಲ್ಲಿ ತಂದುಕೊಡುತ್ತಾರೆ. ಹುಳು ಪೊರೆ ಬಿಡುವುದಕ್ಕೆ ನಮ್ಮ ರೈತರು ‘ಜ್ವರ’ ಎನ್ನುತ್ತಾರೆ; ಹುಳು ತಲೆ ಎತ್ತಿ ಅಲ್ಲಾಡದೆ ಕೂತಾಗ ಮಕ್ಕಳು ತರಗತಿಯಲ್ಲಿ ಪಿಸುಮಾತಿನಲ್ಲಿ ಮಾತನಾಡುತ್ತಾರೆ, ಜ್ವರ ಬಂದವರ ಮನೆಯಲ್ಲಿ ಗಲಾಟೆ ಮಾಡಬಾರದಂತೆ. ನಾಲ್ಕನೇ ಜ್ವರ ಬಿಟ್ಟ ಮೇಲೆ ಅವು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತದೆ. ಒಂದು ಮಧ್ಯಾಹ್ನ ಗಣಿತದ ಪಾಠ ನಿಲ್ಲಿಸಿ ಅದನ್ನೇ ಕೇಳಿದ್ದೇವೆ.

ನಾನು ಹೇಳಬೇಕೆಂದಿದ್ದು ಕೈ ತೊಳೆಯುವ ವಿಷಯ. ಊಟಕ್ಕೆ ಮೊದಲು ಕೈ ತೊಳೆಯಿರಿ ಎಂದು ಗಂಟಲು ಹರಿದುಕೊಂಡರೂ ಕೇಳದ ಹುಡುಗರು ಹುಳುವಿಗೆ ಸೋಂಕು ತಾಗುತ್ತದೆ ಎಂದ ತಕ್ಷಣ ಸಾಲುಗಟ್ಟಿ ತೊಳೆದರು. ಒಬ್ಬ ತನ್ನ ತಂದೆಗೆ ‘ಬೀಡಿ ಸೇದಿದ ಕೈಯಲ್ಲಿ ನಮ್ಮ ಮೊರ ಮುಟ್ಟಬೇಡ’ ಎಂದು ಗದರಿದ್ದಾನೆ. ಹೊಗೆಸೊಪ್ಪು ಹುಳುವಿಗೆ ವಿಷವೆಂಬುದು ನಿಜ.

ಕಷ್ಟದ ಪ್ರಶ್ನೆ ಕೊನೆಯಲ್ಲಿ ಬರುತ್ತದೆ. ಹಣ್ಣಾದ ಹುಳು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಹತ್ತಿ ಗೂಡು ಕಟ್ಟಿದ ಮೇಲೆ, ನೂಲು ಬೇಕೆಂದರೆ ಗೂಡನ್ನು ಬಿಸಿನೀರಿಗೆ ಹಾಕಬೇಕು, ಒಳಗಿನ ಹುಳು ಸಾಯುತ್ತದೆ. ಇವರ ಮನೆಗಳ ಅನ್ನ ಬರುವುದೇ ಅದರಿಂದ. ಮೊದಲ ವರ್ಷ ನಾನು ಮಾತು ಹಾರಿಸಿದೆ. ಎರಡನೇ ವರ್ಷ ಮಕ್ಕಳನ್ನೇ ಕೇಳಿದೆ. ಎರಡು ದಿನ ವಾದ ಮಾಡಿ, ಹತ್ತು ಗೂಡನ್ನು ಚಿಟ್ಟೆಗಾಗಿ ಬಿಟ್ಟು, ಉಳಿದದ್ದನ್ನು ತಂದುಕೊಟ್ಟ ರೈತರಿಗೆ ವಾಪಸ್ಸು ಕೊಡುವುದೆಂದು ತೀರ್ಮಾನಿಸಿದರು. ಹತ್ತೇ ಯಾಕೆ ಎಂದರೆ, ಹುಳುವಿಗೆ ಹೆಸರಿಟ್ಟವರು ಹತ್ತು ಜನ.

ಸಾಗರದಾಚೆ

ಚಂದ್ರಿಕೆ ಮೇಡಂ, ನಿಮ್ಮ ಬರಹ ಓದಿ ಬಾಯಿಗೆ ಮಾತು ಬರಲಿಲ್ಲ. ಒಂದು ಪ್ರಶ್ನೆ: ದನಕರುಗಳ ಜೊತೆ ಬೆಳೆದ ಮಕ್ಕಳಿಗೆ ಆಸ್ತಮಾ ಕಡಿಮೆ ಎಂದು ಇಲ್ಲಿ ಓದಿದ್ದೆ. ಶಾಲೆಯ ಭೇಟಿಯಿಂದ ಅದೂ ಸಾಧ್ಯವೇ?

ನಿವೃತ್ತ ಪಶುವೈದ್ಯ

ನೀವು ಓದಿರುವುದು ಅಮೆರಿಕದ ಆಮಿಷ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಪಂಗಡಗಳ ಮಕ್ಕಳ ಬಗ್ಗೆ 2016ರಲ್ಲಿ ಬಂದ ಅಧ್ಯಯನವಿರಬೇಕು. ಅದರಲ್ಲಿ ಆಸ್ತಮಾ ಕಡಿಮೆ ಕಂಡದ್ದು ಚಿಕ್ಕಂದಿನಿಂದ ಕೊಟ್ಟಿಗೆಯ ಧೂಳಿನಲ್ಲಿಯೇ ಬೆಳೆದ ಆಮಿಷ್ ಮಕ್ಕಳಲ್ಲಿ. ತಿಂಗಳಿಗೊಮ್ಮೆ ಅರ್ಧ ಗಂಟೆ ಹಸು ಸವರಿದರೆ ಶ್ವಾಸಕೋಶಕ್ಕೆ ಏನೂ ಆಗದು. ಈಗಾಗಲೇ ಆಸ್ತಮಾ ಇರುವ ಮಗುವನ್ನು ದೂರ ನಿಲ್ಲಿಸುವುದೇ ಮೇಲು.

ಹಳೇಮೇಷ್ಟ್ರು

ಯಾರೂ ಹೇಳದ ಒಂದು ಅಪಾಯ ನಾನು ಹೇಳುತ್ತೇನೆ: ಸಮಾರಂಭ. ಹಸು ಬರುತ್ತದೆ ಎಂದು ಗೊತ್ತಾದರೆ ಶಾಮಿಯಾನ ಬರುತ್ತದೆ, ಮೈಕ್ ಬರುತ್ತದೆ, ಊರಿನ ಗಣ್ಯರು ಬರುತ್ತಾರೆ, ಹಸುವಿಗೂ ಗಣ್ಯರಿಗೂ ಹಾರ ಬೀಳುತ್ತದೆ. ನಾನಿದ್ದ ಶಾಲೆಯಲ್ಲಿ ಹಸು ತನ್ನ ಹಾರವನ್ನೂ ಪಕ್ಕದವರ ಹಾರವನ್ನೂ ತಿಂದು, ಮೈಕ್ ಕಿರುಚಿದಾಗ ಹಗ್ಗ ಕಿತ್ತುಕೊಂಡು ಹೋಯಿತು. ಮಕ್ಕಳು ಎರಡು ಗಂಟೆ ಬಿಸಿಲಲ್ಲಿ ಕೂತು ಕಂಡದ್ದು ಹಸುವಿನ ಬಾಲವನ್ನು ಮಾತ್ರ. ಯಾರಿಗೂ ಹೇಳದೆ ಶನಿವಾರ ಬೆಳಿಗ್ಗೆ ಮಾಡಿ.

ಕಪ್ಪುಹಲಗೆ

ಒಂದೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಹಳೇಮೇಷ್ಟ್ರ ಮಾತು ಕೇಳಿ ಸಮಾರಂಭ ಮಾಡಲಿಲ್ಲ. ಹಸುವಿನ ಕರು ಇನ್ನೂ ಎಳೆಯದಾದ್ದರಿಂದ ಅದನ್ನು ಮುಂದಕ್ಕೆ ಹಾಕಿದೆವು. ನಾಯಿಗೆ ಏಳು ಮನೆಗಳವರು ಒಪ್ಪಿಗೆ ಕೊಡಲಿಲ್ಲ, ಅದನ್ನೂ ಸದ್ಯಕ್ಕೆ ಬಿಟ್ಟೆವು. ಶಾಲೆಯ ಹಿಂದಿನ ಮನೆಯ ಅಜ್ಜಿ ತಮ್ಮ ಆಡನ್ನು ತರಲು ಒಪ್ಪಿದರು. ಮೂರು ಶನಿವಾರ ಬಂದಿದೆ, ಹುಣಸೆಮರದ ಕೆಳಗೆ, ಒಮ್ಮೆಗೆ ಎಂಟು ಮಕ್ಕಳು.

ಮೊದಲ ಶನಿವಾರ ಆಡು ಒಬ್ಬಳ ನೋಟ್‌ಬುಕ್ಕಿನ ಅಂಚು ತಿಂದಿತು, ಅಷ್ಟೇ. ಎರಡನೇ ವಾರದ ವಿಷಯ ಹೇಳಬೇಕು. ನನ್ನ ತರಗತಿಯಲ್ಲಿ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗನೊಬ್ಬನಿದ್ದಾನೆ. ಜೂನ್‌ನಿಂದ ಕೊನೆಯ ಬೆಂಚಿನಲ್ಲಿ ಕೂರುತ್ತಾನೆ, ಅವನ ಮಾತಿನ ಧಾಟಿಗೆ ಉಳಿದವರು ನಗುತ್ತಾರೆಂದು ಬಾಯಿ ಬಿಡುವುದಿಲ್ಲ. ಆ ದಿನ ಒಬ್ಬ ಹುಡುಗ ಆಡಿನ ಕಿವಿ ಹಿಡಿದು ಎಳೆದಾಗ ಇವನು ಎದ್ದು ಬಂದು ಅವನ ಕೈ ಬಿಡಿಸಿ, ‘ಹಂಗ ಹಿಡೀಬಾರದು, ಅದಕ್ಕ ನೋವಾಗ್ತದ’ ಎಂದು, ಒಂದು ಕೈಯನ್ನು ಗದ್ದದ ಕೆಳಗೂ ಇನ್ನೊಂದನ್ನು ಎದೆಯ ಮೇಲೂ ಇಟ್ಟು ಹಿಡಿದು ತೋರಿಸಿದ. ಊರಿನಲ್ಲಿ ಅವರ ಮನೆಯಲ್ಲಿ ಹನ್ನೆರಡು ಆಡುಗಳಿದ್ದವಂತೆ. ಮೂರನೇ ಶನಿವಾರ ಆಡಿನ ಪಕ್ಕ ನಿಂತು ಪಾಠ ಹೇಳಿದವನು ಅವನೇ. ಯಾರೂ ನಗಲಿಲ್ಲ. ಆದರೆ ಸೋಮವಾರ ಅವನು ಮತ್ತೆ ಕೊನೆಯ ಬೆಂಚಿನಲ್ಲಿಯೇ ಕೂತಿದ್ದ ಎಂಬುದನ್ನೂ ಹೇಳಬೇಕು.

ಒಂದು ಸಂದೇಹ: ಆಡು ಗಬ್ಬದಲ್ಲಿದೆ, ಅಜ್ಜಿಯ ಪ್ರಕಾರ ನಾಲ್ಕು ತಿಂಗಳಾಗಿದೆ. ಮರಿ ಹಾಕುವುದನ್ನು ಮಕ್ಕಳಿಗೆ ತೋರಿಸಬಹುದೇ?

ನಿವೃತ್ತ ಪಶುವೈದ್ಯ

ಬೇಡ ಮೇಡಂ. ಆಡಿಗೆ ಐದು ತಿಂಗಳು, ಅಂದರೆ ಇನ್ನು ಒಂದೇ ತಿಂಗಳು. ಇಂದಿನಿಂದಲೇ ಅದನ್ನು ಮನೆಯಿಂದ ಹೊರಡಿಸುವುದನ್ನು ನಿಲ್ಲಿಸಿ. ಮರಿ ಹಾಕುವಾಗ ಬರುವ ನೀರು, ಮಾಸು ಇವುಗಳ ಬಳಿ ಮಕ್ಕಳು ಸುಳಿಯಬಾರದು, ಬ್ರೂಸೆಲ್ಲಾ, ಕ್ಯೂ ಜ್ವರದಂಥ ರೋಗಗಳು ಆಗಲೇ ಹೆಚ್ಚು ಹರಡುವುದು. ಎರಡು ವಾರ ಕಳೆದ ಮೇಲೆ ಅಜ್ಜಿ ಒಪ್ಪಿದರೆ, ಎಂಟೆಂಟು ಮಕ್ಕಳನ್ನು ಅವರ ಹಟ್ಟಿಗೇ ಕರೆದುಕೊಂಡು ಹೋಗಿ ಬೇಲಿಯ ಹೊರಗಿನಿಂದ ಮರಿ ತೋರಿಸಿ.

ಹೊಲದಬದು

ಮಕ್ಕಳನ್ನೇ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಎಂದು ಮೊದಲ ದಿನವೇ ಹೇಳಿದವರು ಯಾರು?

ಕಪ್ಪುಹಲಗೆ

ಒಪ್ಪಿಕೊಂಡೆ ಬದು ಅವರೇ, ಸೆಗಣಿಯ ಬದಲು ಹಿಕ್ಕೆ ತುಳಿಯುತ್ತೇವೆ. ಅಷ್ಟರವರೆಗೆ ಶನಿವಾರಗಳು ಖಾಲಿಯಾದವು. ಚಂದ್ರಿಕೆ ಮೇಡಂ, ನಮ್ಮ ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತ ಹಿಪ್ಪುನೇರಳೆ ತೋಟಗಳಿವೆ, ಸೊಪ್ಪು ಸಿಗುತ್ತದೆ. ಐವತ್ತು ಹುಳು ಸಾಕಲು ಮೊದಲ ವಾರ ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕಬೇಕು?

ಚಂದ್ರಿಕೆ

ಮೂರು ಸಲವಾದರೂ ಹಾಕಿ, ಭಾನುವಾರ ಮೊರ ಯಾರ ಮನೆಗೆ ಹೋಗುತ್ತದೆ ಎಂಬುದನ್ನು ಇಂದೇ ತೀರ್ಮಾನಿಸಿ. ಔಷಧಿ ಹೊಡೆದ ತೋಟದ ಸೊಪ್ಪು ತರಬೇಡಿ, ಆ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವುದಿಲ್ಲ ಎಂದು ಮಗುವಿನಿಂದಲ್ಲ, ಅಮ್ಮನಿಂದಲೇ ಮಾತು ತೆಗೆದುಕೊಳ್ಳಿ.